ಐರ್ಲೆಂಡಿಗೆ ಹೊಸದಾಗಿ ಬಂದವರಿಗೆ: ಮನೆ ತೆರಿಗೆ, ನೀರಿನ ಬಿಲ್ಲು ಮತ್ತು ನೆರೆಯವರ ಸಿಟ್ಟು

ನಮ್ಮ ಸಂಘಕ್ಕೆ ಹೊಸ ಕುಟುಂಬಗಳು ಕೇಳುವ ಪ್ರಶ್ನೆಗಳಲ್ಲಿ ಅರ್ಧಕ್ಕರ್ಧ ದುಡ್ಡಿನವೇ. ಈ ಲಕೋಟೆ ಬಂದಿದೆ, ಕಟ್ಟಬೇಕಾ? ಪೇಸ್ಲಿಪ್‌ನಲ್ಲಿ ಇದ್ಯಾವ ಕಡಿತ? ಓನರ್ ಮನೆ ತೆರಿಗೆ ಕೇಳ್ತಿದ್ದಾರೆ, ಕೊಡಬೇಕಾ? ಒಂದೊಂದಕ್ಕೂ ಬೇರೆ ಬೇರೆ ಉತ್ತರ ಇದೆ, ಆದರೆ ಮೊದಲು ಕೇಳಿಕೊಳ್ಳಬೇಕಾದ್ದು ಒಂದೇ: ಈ ಖರ್ಚು ಮನೆಯ ಮಾಲೀಕರ ಮೇಲೆ ಬೀಳುತ್ತಾ, ಮನೆಯಲ್ಲಿ ವಾಸ ಇರುವವರ ಮೇಲೆ ಬೀಳುತ್ತಾ? ಇದೊಂದು ಗೊತ್ತಾದರೆ ಮುಕ್ಕಾಲು ಗೊಂದಲ ಹೋಗುತ್ತೆ.

ಇನ್ನೊಂದು ವಿಷಯವನ್ನೂ ಇಲ್ಲೇ ಬರೀತಾ ಇದ್ದೇವೆ. ಈ ತೆರಿಗೆಗಳ ಮಾತು ಬಂದರೆ ಇಲ್ಲಿಯ ಜನಕ್ಕೆ ಇವತ್ತಿಗೂ ಸಿಟ್ಟು ಬರುತ್ತೆ. ಅದರ ಹಿಂದಿನ ಕಥೆ ತಿಳಿಯದೆ ಆಫೀಸಿನಲ್ಲಿ, ಶಾಲೆಯ ಗೇಟಿನ ಹತ್ತಿರ ಏನೋ ಒಂದು ಮಾತಾಡಿ ಒಳ್ಳೆಯ ಸ್ನೇಹ ಕೆಡಿಸಿಕೊಳ್ಳಬೇಡಿ.

ಬಾಡಿಗೆ ಮನೆಯಲ್ಲಿದ್ದರೆ

ಲೋಕಲ್ ಪ್ರಾಪರ್ಟಿ ಟ್ಯಾಕ್ಸ್, ಅಂದರೆ ಎಲ್‌ಪಿಟಿ, ಮಾಲೀಕರದು. ನವೆಂಬರ್ 1ರಂದು ಮನೆ ಯಾರ ಹೆಸರಲ್ಲಿದೆಯೋ ಅವರು ಮುಂದಿನ ವರ್ಷದ ತೆರಿಗೆ ಕಟ್ಟಬೇಕು. ಮಾಮೂಲಿ ಬಾಡಿಗೆದಾರರಿಗೆ ಇದು ಬರೋದಿಲ್ಲ. ನಮ್ಮಲ್ಲೇ ಒಂದು ಕುಟುಂಬಕ್ಕೆ ಓನರ್ ಬಾಡಿಗೆ ಜೊತೆ ಎಲ್‌ಪಿಟಿ ದುಡ್ಡನ್ನೂ ಬೇರೆಯಾಗಿ ಕೇಳಿದ್ದರು, ಇವರು ಹೊಸಬರು, ಕೊಡದಿದ್ದರೆ ವೀಸಾಗೆ ಏನಾದರೂ ತೊಂದರೆ ಆಗುತ್ತೇನೋ ಅಂತ ಹೆದರಿ ಕೊಟ್ಟೇಬಿಟ್ಟಿದ್ದರು. ಹಾಗೆ ಮಾಡಬೇಡಿ. ಕಾನೂನಿನ ಪ್ರಕಾರ ಆ ತೆರಿಗೆಗೆ ಹೊಣೆ ಅವರೇ. ಇದಕ್ಕೂ ನಿಮ್ಮ ವೀಸಾಗೂ ಸಂಬಂಧವೇ ಇಲ್ಲ. ಬಾಡಿಗೆ ಒಪ್ಪಂದವನ್ನು ಸಹಿ ಮಾಡುವ ಮುಂಚೆ ಪೂರ್ತಿ ಓದಿ, ಅರ್ಥವಾಗದ ಸಾಲಿದ್ದರೆ ನಮಗೆ ತೋರಿಸಿ. ಅಡ್ವಾನ್ಸ್ ಕೂಡ ಒಂದು ತಿಂಗಳ ಬಾಡಿಗೆಗಿಂತ ಜಾಸ್ತಿ ಕೇಳುವ ಹಾಗಿಲ್ಲ.

ಟಿವಿ ಲೈಸೆನ್ಸ್ ಮಾತ್ರ ನಿಮ್ಮದು. ವರ್ಷಕ್ಕೆ 160 ಯೂರೋ. ಮನೆಯಲ್ಲಿ ಟಿವಿ ಸೆಟ್ ಇದ್ದರೆ ಸಾಕು, ಅದು ಓನರ್ ಬಿಟ್ಟುಹೋದದ್ದಾದರೂ, ನೀವು ಒಂದು ದಿನವೂ ಆನ್ ಮಾಡದಿದ್ದರೂ, ಕೆಟ್ಟು ಮೂಲೆಯಲ್ಲಿದ್ದರೂ ಲೈಸೆನ್ಸ್ ಬೇಕು. ಬರೀ ಲ್ಯಾಪ್‌ಟಾಪ್, ಫೋನಿನಲ್ಲಿ ನೋಡುವವರಿಗೆ ಬೇಡ. ಇನ್‌ಸ್ಪೆಕ್ಟರ್ ಮನೆಗೆ ಬರುತ್ತಾರೆ, ಕೋರ್ಟಿಗೆ ಹೋದರೆ ಮೊದಲ ಸಲಕ್ಕೇ 1,000 ಯೂರೋವರೆಗೆ ದಂಡ ಬೀಳಬಹುದು. ಟಿವಿ ಬೇಡ ಅನ್ನಿಸಿದರೆ ಮನೆಗೆ ಸೇರುವ ದಿನವೇ ತೆಗೆಸಿಬಿಡಿ.

ಕಸದ ವಿಷಯ ನಮ್ಮೂರಿನ ಹಾಗಲ್ಲ. ಇಲ್ಲಿ ಹೆಚ್ಚಿನ ಕಡೆ ಕಸ ಒಯ್ಯೋದು ಖಾಸಗಿ ಕಂಪನಿ, ನೀವೇ ಅಕೌಂಟ್ ತೆರೆದು ದುಡ್ಡು ಕಟ್ಟಬೇಕು. ಅಪಾರ್ಟ್‌ಮೆಂಟ್ ಆದರೆ ಸಾಮಾನ್ಯವಾಗಿ ಮ್ಯಾನೇಜ್‌ಮೆಂಟ್ ಕಂಪನಿ ನೋಡಿಕೊಳ್ಳುತ್ತೆ, ಆ ಮ್ಯಾನೇಜ್‌ಮೆಂಟ್ ಫೀ ಮಾಲೀಕರದು. ಮನೆ ನೋಡೋಕೆ ಹೋದಾಗಲೇ ಬಿನ್ ಯಾರ ಖರ್ಚು ಅಂತ ಕೇಳಿಬಿಡಿ. ಪ್ಲಾಸ್ಟಿಕ್ ಬಾಟಲಿ, ಕ್ಯಾನ್‌ಗಳಿಗೆ 2024ರ ಫೆಬ್ರವರಿಯಿಂದ 15 ಅಥವಾ 25 ಸೆಂಟ್ ಡೆಪಾಸಿಟ್ ಇದೆ. ಅಂಗಡಿಯ ಮೆಷಿನ್‌ಗೆ ಹಾಕಿದರೆ ವಾಪಸ್ ಸಿಗುತ್ತೆ, ಜಜ್ಜಿ ಹಾಳು ಮಾಡಬೇಡಿ.

ಸರ್ಕಾರ ನಿಮಗೆ ಕೊಡಬೇಕಾದ್ದನ್ನೂ ಮರೆಯಬೇಡಿ. ಬಾಡಿಗೆಗೆ ತೆರಿಗೆ ರಿಯಾಯಿತಿ ಇದೆ, ಒಬ್ಬರಿಗೆ ವರ್ಷಕ್ಕೆ 1,000 ಯೂರೋವರೆಗೆ, ಗಂಡ ಹೆಂಡತಿ ಒಟ್ಟಿಗೆ ತೆರಿಗೆ ಕಟ್ಟುತ್ತಿದ್ದರೆ 2,000ವರೆಗೆ. ರೆವೆನ್ಯೂ, ಅಂದರೆ ಇಲ್ಲಿಯ ತೆರಿಗೆ ಇಲಾಖೆ, ಅದರ ವೆಬ್‌ಸೈಟಿನ ಮೈಅಕೌಂಟ್‌ನಲ್ಲಿ ನೀವೇ ಕೇಳಬೇಕು, ತಾನಾಗಿ ಬರೋದಿಲ್ಲ. ಬಾಡಿಗೆ ಆರ್‌ಟಿಬಿಯಲ್ಲಿ (ಬಾಡಿಗೆ ಮನೆಗಳ ಸರ್ಕಾರಿ ಮಂಡಳಿ) ನೋಂದಣಿ ಆಗಿದೆಯಾ ಅಂತ ಓನರ್ ಹತ್ತಿರ ಮೊದಲೇ ಖಚಿತ ಮಾಡಿಕೊಳ್ಳಿ.

ಪೇಸ್ಲಿಪ್‌ನ ಆ ಮೂರು ಸಾಲು

ಪಿಎವೈಇ, ಪಿಆರ್‌ಎಸ್‌ಐ, ಯುಎಸ್‌ಸಿ. ಮೊದಲನೆಯದು ಆದಾಯ ತೆರಿಗೆ. ಎರಡನೆಯದು ಸೋಶಿಯಲ್ ಇನ್ಶೂರೆನ್ಸ್, ಮುಂದೆ ಕೆಲಸ ಹೋದಾಗ, ಹೆರಿಗೆ ರಜೆಯಲ್ಲಿ, ಪಿಂಚಣಿಗೆ ಲೆಕ್ಕಕ್ಕೆ ಬರುತ್ತೆ. ಮೂರನೆಯದನ್ನು ನೋಡಿ ಎಲ್ಲರೂ ಹುಬ್ಬು ಗಂಟಿಕ್ಕುತ್ತಾರೆ. ಯುನಿವರ್ಸಲ್ ಸೋಶಿಯಲ್ ಚಾರ್ಜ್ 2011ರ ಜನವರಿಯಲ್ಲಿ ಶುರುವಾಯಿತು, ದೇಶ ಸಾಲಕ್ಕೆ ಕೈಚಾಚಿದ ಎರಡೇ ತಿಂಗಳಿಗೆ. ವರ್ಷದ ಆದಾಯ 13,000 ಯೂರೋ ದಾಟದಿದ್ದರೆ ಇಲ್ಲ, ದಾಟಿದರೆ ಬಹುತೇಕ ಪೂರ್ತಿ ಸಂಬಳದ ಮೇಲೆ ಹಂತ ಹಂತವಾಗಿ ಬೀಳುತ್ತೆ, 70,044 ಯೂರೋ ಮೇಲಿನ ಭಾಗಕ್ಕೆ 8%. ಟ್ಯಾಕ್ಸ್ ಕ್ರೆಡಿಟ್, ಅಂದರೆ ತೆರಿಗೆ ರಿಯಾಯಿತಿ, ಇದ್ದರೂ ಇದು ಕಮ್ಮಿ ಆಗಲ್ಲ. ಪಿಂಚಣಿಗೆ ಹಾಕಿದರೂ ಆಗಲ್ಲ. 2016ರ ಚುನಾವಣೆಯಲ್ಲಿ ಆಳುವ ಪಕ್ಷವೇ ಇದನ್ನು ತೆಗೆಯುತ್ತೇವೆ ಅಂದಿತ್ತು. ಇನ್ನೂ ಇದೆ. ಸಹೋದ್ಯೋಗಿ ಕಾಫಿ ಕುಡೀತಾ ಯುಎಸ್‌ಸಿ ಅಂತ ಗೊಣಗಿದರೆ ಅದರ ಹಿಂದೆ ಇಷ್ಟು ಇದೆ.

ಆ ಸಿಟ್ಟು ಎಲ್ಲಿಂದ ಬಂತು

2008ರಲ್ಲಿ ಇಲ್ಲಿಯ ಬ್ಯಾಂಕುಗಳು ಮುಳುಗುವ ಹಂತಕ್ಕೆ ಬಂದವು. ಬಿಲ್ಡರ್‌ಗಳಿಗೆ ಲೆಕ್ಕವಿಲ್ಲದೆ ಸಾಲ ಕೊಟ್ಟಿದ್ದರು. ಸೆಪ್ಟೆಂಬರ್ ಕೊನೆಯ ಒಂದು ರಾತ್ರಿ ಸರ್ಕಾರ ಬ್ಯಾಂಕುಗಳ ಸಾಲಕ್ಕೆ ತಾನೇ ಜಾಮೀನು ನಿಂತಿತು. ಬ್ಯಾಂಕುಗಳನ್ನು ಉಳಿಸಲು ಸುರಿದದ್ದು ಸುಮಾರು 64 ಬಿಲಿಯನ್ ಯೂರೋ. 2010ರ ನವೆಂಬರ್‌ನಲ್ಲಿ ಯುರೋಪಿಯನ್ ಒಕ್ಕೂಟ ಮತ್ತು ಐಎಂಎಫ್ ಜೊತೆ 85 ಬಿಲಿಯನ್‌ನ ಒಪ್ಪಂದ ಆಯಿತು, ಜೊತೆಗೆ ಷರತ್ತುಗಳು ಬಂದವು. ಸಂಬಳ ಕಡಿತ, ಮಕ್ಕಳ ಭತ್ಯೆ ಕಡಿತ, ವ್ಯಾಟ್ 21ರಿಂದ 23%ಗೆ. ನಿರುದ್ಯೋಗ 15% ಮುಟ್ಟಿತು. ಮನೆಗಳ ಬೆಲೆ ಸುಮಾರು ಅರ್ಧಕ್ಕೆ ಇಳಿದು, ಎಷ್ಟೋ ಜನ ಮನೆಯ ಬೆಲೆಗಿಂತ ಜಾಸ್ತಿ ಸಾಲ ಹೊತ್ತು ಕೂತರು, ಅವರ ಮಕ್ಕಳು ಕೆಲಸ ಹುಡುಕಿಕೊಂಡು ಆಸ್ಟ್ರೇಲಿಯಾ, ಕೆನಡಾ ಅಂತ ಹೊರಟರು.

ಈ ಹೊತ್ತಿನಲ್ಲೇ, 2012ರಲ್ಲಿ, ಹೌಸ್‌ಹೋಲ್ಡ್ ಚಾರ್ಜ್ ಬಂತು. ಮನೆಗೆ 100 ಯೂರೋ. ಸಮುದ್ರದ ಪಕ್ಕದ ಬಂಗಲೆಗೂ ಅಷ್ಟೇ, ಸಾಲದಲ್ಲಿ ಮುಳುಗಿರುವ ಪುಟ್ಟ ಮನೆಗೂ ಅಷ್ಟೇ. 1970ರ ದಶಕದ ಕೊನೆಯಲ್ಲಿ ಮನೆಗಳ ಮೇಲಿನ ರೇಟ್ಸ್ ಅನ್ನೋ ಸ್ಥಳೀಯ ತೆರಿಗೆ ರದ್ದಾದ ಮೇಲೆ ಸಾಮಾನ್ಯ ಜನರ ವಾಸದ ಮನೆಗೆ ಇಂಥ ತೆರಿಗೆ ಇರಲಿಲ್ಲ. ಎಷ್ಟೋ ಜನ ಮನೆ ಕೊಳ್ಳುವಾಗಲೇ ಭಾರಿ ಸ್ಟಾಂಪ್ ಡ್ಯೂಟಿ ಕಟ್ಟಿದ್ದರು. ಮಾರ್ಚ್ 31 ಕೊನೆಯ ದಿನ, ಅವತ್ತಿಗೆ ಸುಮಾರು ಅರ್ಧದಷ್ಟು ಮನೆಗಳು ಮಾತ್ರ ನೋಂದಣಿ ಆಗಿದ್ದವು. ಉಳಿದವರಲ್ಲಿ ಬಹಳ ಮಂದಿ ಬೇಕಂತಲೇ ಕಟ್ಟಲಿಲ್ಲ. ಮುಂದಿನ ವರ್ಷ ಸರ್ಕಾರ ಎಲ್‌ಪಿಟಿ ತಂದು ವಸೂಲಿಯನ್ನು ರೆವೆನ್ಯೂಗೆ ಕೊಟ್ಟಿತು. ರೆವೆನ್ಯೂ ನೇರವಾಗಿ ಸಂಬಳದಿಂದಲೇ ಹಿಡಿದುಕೊಳ್ಳಬಹುದು. ಹಳೆಯ 100 ಕಟ್ಟದವರ ಬಾಕಿ 200 ಆಯಿತು. ಅಲ್ಲಿಗೆ ಪ್ರತಿಭಟನೆ ತಣ್ಣಗಾಯಿತು, ಸಿಟ್ಟು ಹಾಗೇ ಉಳಿಯಿತು.

ನೀರಿನ ವಿಷಯಕ್ಕೆ ಅದು ಸಿಡಿಯಿತು. ನಿಮ್ಮ ಮನೆ ಮುಂದಿನ ಫುಟ್‌ಪಾತಿನಲ್ಲಿ ಅಂಗೈಗಿಂತ ಸ್ವಲ್ಪ ದೊಡ್ಡದಾದ ಒಂದು ಮುಚ್ಚಳ ಕಾಣಬಹುದು. ಅದರ ಕೆಳಗಿರೋದು ನೀರಿನ ಮೀಟರ್. ಅದನ್ನು ಕೂರಿಸಲು ಬಂದಾಗ ಹಲವು ಬಡಾವಣೆಗಳಲ್ಲಿ ಜನ ಸರಿಯಾಗಿ ಆ ಜಾಗದ ಮೇಲೇ ನಿಂತುಕೊಂಡು ಅಗೆಯಲು ಬಿಡಲಿಲ್ಲ, ಅಜ್ಜಿಯರು ಕುರ್ಚಿ ತಂದು ಕೂತರು, ಪೊಲೀಸರು ಬಂದರು. ನೀರಿನ ದುಡ್ಡನ್ನು ತೆರಿಗೆಯಲ್ಲೇ ಕೊಡ್ತಾ ಇದ್ದೇವೆ, ಮತ್ತೆ ಯಾಕೆ ಕೊಡಬೇಕು ಅನ್ನೋದು ಅವರ ವಾದ. ಹೊಸದಾಗಿ ಹುಟ್ಟಿದ ಐರಿಷ್ ವಾಟರ್ ಕಂಪನಿ ಕನ್ಸಲ್ಟೆಂಟ್‌ಗಳಿಗೇ ಸುಮಾರು 50 ಮಿಲಿಯನ್ ಯೂರೋ ಖರ್ಚು ಮಾಡಿದೆ ಅಂತ 2014ರ ಜನವರಿಯಲ್ಲಿ ಹೊರಬಿತ್ತು. ಅರ್ಜಿಯಲ್ಲಿ ಮಕ್ಕಳ ಪಿಪಿಎಸ್ ನಂಬರ್ (ಸರ್ಕಾರ ಒಬ್ಬೊಬ್ಬರಿಗೂ ಕೊಡುವ ಗುರುತಿನ ಸಂಖ್ಯೆ) ಕೂಡ ಕೇಳಿದರು. ಅಕ್ಟೋಬರ್ 1ರಿಂದ ಶುಲ್ಕ ಶುರು, ಅದೇ ತಿಂಗಳು ಡಬ್ಲಿನ್ ಬೀದಿಗಳಲ್ಲಿ ಹತ್ತಾರು ಸಾವಿರ ಜನ. ಸರ್ಕಾರ ಹೆದರಿ ಶುಲ್ಕವನ್ನು ಒಬ್ಬರಿರುವ ಮನೆಗೆ 160, ಉಳಿದವರಿಗೆ 260 ಯೂರೋಗೆ ಇಳಿಸಿತು, ಪಿಪಿಎಸ್ ಕೇಳೋದನ್ನು ಬಿಟ್ಟಿತು. ಜನ ಒಪ್ಪಲಿಲ್ಲ. 2016ರ ಚುನಾವಣೆಯ ನಂತರ ಶುಲ್ಕ ನಿಂತಿತು, 2017ರ ಕಾನೂನಿನ ಮೂಲಕ ಕಟ್ಟಿದವರಿಗೆಲ್ಲ ದುಡ್ಡು ವಾಪಸ್ ಬಂತು.

ಹಾಗಾಗಿ ಇವತ್ತು ಸಾರ್ವಜನಿಕ ನೀರಿನ ಸಂಪರ್ಕ ಇರುವ ಮನೆಗೆ ನೀರಿನ ಬಿಲ್ ಬರೋದಿಲ್ಲ. ಕಂಪನಿಯ ಹೆಸರು 2023ರಿಂದ ಇಷ್ಕ ಏರನ್. ಅವರಿಂದ ಕಾಗದ ಬಂದರೆ ಬಿಸಾಡಬೇಡಿ, ಮೀಟರ್ ನೋಡಿ ನಿಮ್ಮಲ್ಲಿ ಪೈಪ್ ಸೋರುತ್ತಿದೆ ಅಂತ ತಿಳಿಸಿರಬಹುದು, ಅದನ್ನು ಓನರ್‌ಗೆ ಕೊಡಿ. ಹಳ್ಳಿ ಕಡೆ ಮನೆ ಮಾಡುವವರು ಮಾತ್ರ ಬಾವಿನಾ, ಊರವರು ಸೇರಿ ನಡೆಸುವ ನೀರಿನ ಗ್ರೂಪ್ ಸ್ಕೀಮಾ, ಸೆಪ್ಟಿಕ್ ಟ್ಯಾಂಕ್ ಇದೆಯಾ ಅಂತ ಮೊದಲೇ ವಿಚಾರಿಸಿ, ಅಲ್ಲಿ ಖರ್ಚು ಬೇರೆ ಥರ.

ಇದನ್ನೆಲ್ಲ ಇಷ್ಟು ಉದ್ದ ಬರೆಯಲು ಕಾರಣ ಇದೆ. ನಮ್ಮವರು ಬಂದ ಹೊಸದರಲ್ಲಿ, ಬೆಂಗಳೂರಲ್ಲಿ ಕಾವೇರಿ ನೀರಿಗೆ ತಿಂಗಳಾ ತಿಂಗಳಾ ಬಿಲ್ ಕಟ್ಟಲ್ವಾ, ಕಂದಾಯ ಕಟ್ಟಲ್ವಾ, ಇಷ್ಟಕ್ಕೆಲ್ಲ ಬೀದಿಗಿಳಿಯಬೇಕಾ ಅಂತ ಸಲೀಸಾಗಿ ಹೇಳಿಬಿಡ್ತಾರೆ. ದಯವಿಟ್ಟು ಹೇಳಬೇಡಿ. ಇವರು ಬೀದಿಗಿಳಿದದ್ದು ಬರೀ 100 ಯೂರೋಗೆ, ನೀರಿಗೆ ಅಲ್ಲ. ಬ್ಯಾಂಕುಗಳ ತಪ್ಪಿನ ಬಿಲ್ಲನ್ನು ತಮ್ಮ ಮನೆಬಾಗಿಲಿಗೆ ತಂದು ಅಂಟಿಸಿದರಲ್ಲ ಅಂತ. ಮನೆಯ ಬೆಲೆ ನೋಡಿ ಹಾಕುವ ತೆರಿಗೆ ತಪ್ಪು ಅಂತ ನಾವೇನೂ ಹೇಳಲ್ಲ, ಲೈಬ್ರರಿ, ಪಾರ್ಕು, ಬೀದಿದೀಪ ಎಲ್ಲದಕ್ಕೂ ದುಡ್ಡು ಬೇಕೇ ಬೇಕು. ಆದರೆ ಕೆಲಸ ಕಳೆದುಕೊಂಡವರ ಮೇಲೂ ಬಂಗಲೆಯವರ ಮೇಲೂ ಒಂದೇ ಮೊತ್ತ ಹೇರಿದ್ದು ಅನ್ಯಾಯವೇ ಆಗಿತ್ತು.

ಮನೆ ಕೊಂಡ ಮೇಲೆ

ಎಲ್‌ಪಿಟಿ ನಿಮ್ಮದಾಗುತ್ತೆ. ಮನೆಯ ಬೆಲೆಯನ್ನು ನೀವೇ ಅಂದಾಜು ಮಾಡಿ ಘೋಷಿಸಬೇಕು, ಅದೂ ರೆವೆನ್ಯೂ ಹೇಳಿದ ದಿನಾಂಕದ ಬೆಲೆ. 2026ರಿಂದ 2030ರವರೆಗಿನ ತೆರಿಗೆಗೆ 2025ರ ನವೆಂಬರ್ 1ರ ಬೆಲೆ. ಅಕ್ಕಪಕ್ಕದ ಮನೆಗಳು ಎಷ್ಟಕ್ಕೆ ಮಾರಾಟವಾದವು ಅಂತ ನೋಡಿ, ಅದರ ಪ್ರಿಂಟ್ ತೆಗೆದು ಫೈಲಿನಲ್ಲಿಡಿ. ಕೊಳ್ಳುವಾಗ ಹಿಂದಿನ ಮಾಲೀಕರ ಬಾಕಿ ಇಲ್ಲ ಅಂತ ನಿಮ್ಮ ಸಾಲಿಸಿಟರ್ (ವಕೀಲರು) ಕೈಲಿ ಖಚಿತ ಮಾಡಿಸಿ. ಒಟ್ಟಿಗೆ ಕಟ್ಟಲು ಕಷ್ಟವಾದರೆ ತಿಂಗಳ ಕಂತಿದೆ, ಸಂಬಳದಿಂದ ಕಡಿತವೂ ಆಗುತ್ತೆ. ಆದಾಯ ತೀರಾ ಕಮ್ಮಿಯಾದರೆ ಮುಂದೂಡಬಹುದು, ಆದರೆ ಬಡ್ಡಿ ಬೆಳೆಯುತ್ತೆ.

ಈ ತೆರಿಗೆಯನ್ನು 15%ವರೆಗೆ ಇಳಿಸುವ, ಏರಿಸಲೂ ಬಲ್ಲ ಅಧಿಕಾರ ನಿಮ್ಮ ಊರಿನ ಕೌನ್ಸಿಲರ್‌ಗಳಿಗಿದೆ. ತೀರ್ಮಾನಕ್ಕೆ ಮುಂಚೆ ಕೌನ್ಸಿಲ್ ಜನರ ಅಭಿಪ್ರಾಯ ಕೇಳುತ್ತೆ, ಯಾರು ಬೇಕಾದರೂ ಬರೆದು ಕಳಿಸಬಹುದು. ಕೌನ್ಸಿಲ್ ಚುನಾವಣೆಯಲ್ಲಿ ಓಟು ಹಾಕಲು ಐರಿಷ್ ಪಾಸ್‌ಪೋರ್ಟ್ ಬೇಕಿಲ್ಲ. 18 ತುಂಬಿ ಇಲ್ಲಿ ವಾಸವಿದ್ದರೆ ಆಯಿತು, ಯಾವ ವೀಸಾದಲ್ಲಿದ್ದರೂ ಸರಿ. ಬಾಡಿಗೆಯವರಿಗೂ ಇದೇ ಮಾತು. ಮುಂದಿನದು 2029ಕ್ಕೆ ಇದೆ, ಆದರೆ ಪಟ್ಟಿಗೆ ಹೆಸರು ಸೇರಿಸಲು ಅಲ್ಲಿಯವರೆಗೆ ಕಾಯಬೇಡಿ. ಪಿಪಿಎಸ್ ನಂಬರ್, ಹುಟ್ಟಿದ ದಿನಾಂಕ, ಮನೆಯ ಏರ್‌ಕೋಡ್ (ಇಲ್ಲಿಯ ಪಿನ್‌ಕೋಡ್) ಇಟ್ಟುಕೊಂಡು ಚೆಕ್ ದ ರಿಜಿಸ್ಟರ್ ವೆಬ್‌ಸೈಟಿಗೆ ಹೋದರೆ ಹತ್ತು ನಿಮಿಷದ ಕೆಲಸ. ಕಂಪ್ಯೂಟರ್ ಅಭ್ಯಾಸ ಇಲ್ಲದ ಅಪ್ಪ ಅಮ್ಮ ಇಲ್ಲೇ ನೆಲೆಸಿದ್ದರೆ ಅವರನ್ನೂ ಪಕ್ಕದಲ್ಲಿ ಕೂರಿಸಿಕೊಂಡು ಅವರ ಹೆಸರನ್ನೂ ಸೇರಿಸಿ.