ಥೀಮ್ ಪತ್ತೆ ಟೂಲ್ 'ಏನೂ ಸಿಗಲಿಲ್ಲ' ಎಂದಾಗ ನಾನು ಹುಡುಕುವ ಬಗೆ

ಪುಣೆಯಲ್ಲಿ ಸಣ್ಣ ವ್ಯಾಪಾರಿಗಳಿಗೆ ಆನ್‌ಲೈನ್ ಅಂಗಡಿ ಕಟ್ಟಿಕೊಡುವುದು ನನ್ನ ಕೆಲಸ. ಬೇರೆ ಅಂಗಡಿಯೊಂದು ಯಾವ ಥೀಮ್, ಅಂದರೆ ಯಾವ ಸಿದ್ಧ ವಿನ್ಯಾಸ, ಬಳಸಿದೆ ಎಂದು ಪತ್ತೆ ಮಾಡುವ ಟೂಲ್ ಕೈಕೊಟ್ಟರೆ ಅಂಗಡಿಯವರು ಏನೋ ಮುಚ್ಚಿಟ್ಟಿದ್ದಾರೆ ಎಂದೇ ಜಾಸ್ತಿ ಜನ ಅಂದುಕೊಳ್ಳುತ್ತಾರೆ. ಹಾಗಾಗುವುದು ಅಪರೂಪ. ಏನೂ ಸಿಗದಿದ್ದಾಗಲೂ ಆ ಅಂಗಡಿಯ ಬಗ್ಗೆ ಬೇಕಾದಷ್ಟು ತಿಳಿಯುತ್ತದೆ. ಪುಟದ ಸೋರ್ಸ್, ಅಂದರೆ ಅದರ ಹಿಂದಿನ ಕೋಡ್, ಓದುವ ತಾಳ್ಮೆ ಇರಬೇಕು, ಅಷ್ಟೇ.

ಈ ಟೂಲ್‌ಗಳು ಪುಟವನ್ನು ತರಿಸಿಕೊಂಡು ಅದರಲ್ಲಿ ಕೆಲವು ಗುರುತು ಹುಡುಕುತ್ತವೆ. ಆನ್‌ಲೈನ್ ಅಂಗಡಿ ನಡೆಸಲು ಬಳಸುವ ಶಾಪಿಫೈ ಸೇವೆಯಲ್ಲಿ ಕಟ್ಟಿದ ಅಂಗಡಿಯಾದರೆ ಸೋರ್ಸ್‌ನಲ್ಲಿ 'ಶಾಪಿಫೈ ಡಾಟ್ ಥೀಮ್' ಎಂಬ ಸಾಲು ಇರುತ್ತದೆ. ಅದರಲ್ಲಿ ಥೀಮಿನ ಹೆಸರು, ಸ್ಕೀಮಾ ಹೆಸರು (ಥೀಮ್ ಬರೆದವರು ಕೋಡ್‌ನಲ್ಲಿ ಇಟ್ಟ ಹೆಸರು), ಶಾಪಿಫೈನ ಥೀಮ್ ಸ್ಟೋರಿನಲ್ಲಿ ಅದಕ್ಕಿರುವ ನಂಬರ್ ಎಲ್ಲ ಸಿಗುತ್ತವೆ. 2021ರಲ್ಲಿ ಬಂದ ಉಚಿತ ಥೀಮ್ ಡಾನ್‌ನ ನಂಬರ್ 887. ಟೂಲ್ ಈ ನಂಬರನ್ನು ತನ್ನ ಪಟ್ಟಿಯೊಂದಿಗೆ ಹೋಲಿಸಿ ಉತ್ತರ ಹೇಳುತ್ತದೆ. ಥೀಮನ್ನು ಆ ಸ್ಟೋರಿನ ಹೊರಗೆ ಕೊಂಡಿದ್ದರೆ, ಅಥವಾ ಹೊಸದಾಗಿ ಬರೆಸಿದ್ದರೆ, ನಂಬರಿನ ಜಾಗದಲ್ಲಿ 'ನಲ್', ಅಂದರೆ ಖಾಲಿ, ಎಂದಿರುತ್ತದೆ. ಆಗ ಟೂಲ್ ಸುಮ್ಮನಾಗುತ್ತದೆ.

ನಾನು ಲ್ಯಾಪ್‌ಟಾಪ್‌ನಲ್ಲಿ ಅಂಗಡಿ ತೆರೆದು ಕಂಟ್ರೋಲ್ ಯು ಒತ್ತಿ ಸೋರ್ಸ್‌ನಲ್ಲಿ ಆ ಸಾಲನ್ನೇ ಹುಡುಕುತ್ತೇನೆ. ಬರೀ ಹೆಸರನ್ನು ನಂಬುವುದಿಲ್ಲ. ಮಾಲೀಕರು ಅದನ್ನು 'ದೀಪಾವಳಿ ಹೊಸದು' ಎಂದು ಬೇಕಾದರೂ ಬದಲಿಸಬಹುದು. ಸ್ಕೀಮಾ ಹೆಸರು ಥೀಮಿನ ಸೆಟ್ಟಿಂಗ್ ಫೈಲಿನಿಂದ ಬರುತ್ತದೆ. ಕೋಡ್ ಮುಟ್ಟದೆ ಅದು ಬದಲಾಗದು. ಹಾಗಾಗಿ ನನಗೆ ಅದರ ಮೇಲೇ ಭರವಸೆ ಜಾಸ್ತಿ.

ಕೆಲವು ಸಲ ಟೂಲಿಗೆ ಪುಟವೇ ಸಿಕ್ಕಿರುವುದಿಲ್ಲ. ಅದರ ಸರ್ವರ್ ಬೇರೆ ದೇಶದಲ್ಲಿದ್ದು, ಅಂಗಡಿ ಆ ದೇಶದವರನ್ನು ಬೇರೆ ಪುಟಕ್ಕೆ ಕಳಿಸುತ್ತಿರಬಹುದು. ಬಾಟ್‌ಗಳನ್ನು, ಅಂದರೆ ತಾವಾಗಿಯೇ ಪುಟ ತೆರೆಯುವ ಪ್ರೋಗ್ರಾಂಗಳನ್ನು, ತಡೆಯುವ ವ್ಯವಸ್ಥೆಯೂ ಅಡ್ಡ ನಿಲ್ಲುತ್ತದೆ. ನಮ್ಮ ಬ್ರೌಸರಿನಲ್ಲಿ ಅದೇ ಪುಟ ಸಲೀಸಾಗಿ ತೆರೆದುಕೊಳ್ಳುತ್ತದೆ, ಅಲ್ವಾ? ಅದಕ್ಕೇ ಕೈಯಾರೆ ನೋಡುವುದು ವಾಸಿ.

ನನಗೆ ತುಂಬಾ ಕಲಿಸಿದ್ದು ಇಳಕಲ್ ಸೀರೆ ಮಾರುವ ಒಬ್ಬರ ಕೆಲಸ. ಬಾಗಲಕೋಟೆ ಕಡೆಯವರು, ಈಗ ಕೊತ್ರೂಡ್‌ನಲ್ಲಿದ್ದಾರೆ. ಒಂದು ದೊಡ್ಡ ಅಂಗಡಿ ತೋರಿಸಿ, "ಹಿಂಗ ಇರಬೇಕ್ ನೋಡ್ರಿ, ಯಾವ ಥೀಮ್ ಅಂತ ಹೇಳ್ರಿ, ತಗೋತೀನಿ" ಎಂದರು. ಯಾವ ಟೂಲಿನಲ್ಲೂ ಫಲಿತಾಂಶ ಇರಲಿಲ್ಲ. ಸೋರ್ಸ್‌ನಲ್ಲಿ ಆ ಸಾಲೂ ಇರಲಿಲ್ಲ. ಆದರೆ ಫೋಟೋಗಳು ಶಾಪಿಫೈ ಸಿಡಿಎನ್‌ನಿಂದ, ಅಂದರೆ ಫೋಟೋ, ಫೈಲ್ ಒದಗಿಸುವ ಅದರ ಸರ್ವರ್‌ಗಳಿಂದ, ಬರುತ್ತಿದ್ದವು. ಒಂದು ವಸ್ತು ಕಾರ್ಟಿಗೆ ಹಾಕಿ ಮುಂದೆ ಹೋದರೆ ಶಾಪಿಫೈ ಚೆಕೌಟ್ ತೆರೆಯಿತು. ಅಂದರೆ ಅದು ಹೆಡ್‌ಲೆಸ್ ಅಂಗಡಿ. ಸರಕು, ಹಣದ ವ್ಯವಹಾರ ಶಾಪಿಫೈನಲ್ಲಿ, ಕಾಣುವ ಮುಖವನ್ನು ಮಾತ್ರ ಶಾಪಿಫೈನದ್ದೇ ಆದ ಹೈಡ್ರೋಜನ್‌ನಂಥ ಫ್ರೇಮ್‌ವರ್ಕಿನಲ್ಲಿ ಬೇರೆಯಾಗಿ ಕಟ್ಟಿರುತ್ತಾರೆ. ಕೊಳ್ಳಲು ಅಲ್ಲಿ ಥೀಮೇ ಇಲ್ಲ.

"ಅಕ್ಕಾರೆ, ಇದಕ್ಕ ಡೆವಲಪರ್‌ಗಳ ತಂಡಾನೇ ಬೇಕ್ರಿ, ಆಮ್ಯಾಲೂ ಖರ್ಚು ನಿಲ್ಲಂಗಿಲ್ಲ" ಎಂದು ಬಿಡಿಸಿ ಹೇಳಿದೆ. ಆಮೇಲೆ ಆ ಅಂಗಡಿಯಲ್ಲಿ ಏನು ಇಷ್ಟವಾಯಿತು ಎಂದು ಒಂದೊಂದಾಗಿ ಕೇಳಿದೆ. ಸೆರಗು ದೊಡ್ಡದಾಗಿ ಕಾಣುವುದು, ದಡಿಯ ಮೇಲೆ ಬೆರಳಿಟ್ಟರೆ ನೇಯ್ಗೆ ತೋರುವುದು, ಬಣ್ಣ ಆರಿಸಿದಾಗ ಫೋಟೋ ಬದಲಾಗುವುದು. ಇಷ್ಟನ್ನೂ ಡಾನ್ ಮೇಲೆಯೇ ಮಾಡಬಹುದಿತ್ತು, ಮಾಡಿದೆ. ಗಿರಾಕಿ ಲಿಂಕ್ ಕಳಿಸಿದಾಗ ಥೀಮಿನ ಹೆಸರಿಗಿಂತ ಮೊದಲು ಈ ಪ್ರಶ್ನೆ ಕೇಳಲೇಬೇಕು ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಸರಿಯಾದ ಥೀಮ್ ಕೊಂಡರೂ ರಿವ್ಯೂ, ಫಿಲ್ಟರ್ ಎಲ್ಲ ಬೇರೆ ಆ್ಯಪ್‌ಗಳಿಂದ ಬಂದಿರಬಹುದು.

ಇನ್ನು, ಅಂಗಡಿ ಶಾಪಿಫೈನದ್ದೇ ಅಲ್ಲದಿದ್ದರೆ ಶಾಪಿಫೈ ಟೂಲ್ ಏನು ಹೇಳೀತು? ಸೋರ್ಸ್‌ನಲ್ಲಿ 'ಡಬ್ಲ್ಯೂಪಿ ಕಂಟೆಂಟ್' ಕಂಡರೆ ಅದು ವೆಬ್‌ಸೈಟ್ ಕಟ್ಟುವ ವರ್ಡ್‌ಪ್ರೆಸ್, ಅಂಗಡಿ ಬಹುಶಃ ಅದರ ಮೇಲೆ ನಡೆಯುವ ವೂಕಾಮರ್ಸ್. ಅದರ ಮುಂದೆ 'ಥೀಮ್ಸ್' ಎಂದಿದ್ದು, ನಂತರ ಬರುವುದೇ ಥೀಮಿನ ಫೋಲ್ಡರ್. ಆ ಫೋಲ್ಡರಿನ ಸ್ಟೈಲ್ ಸಿಎಸ್ಎಸ್ ಫೈಲ್ ತೆರೆದರೆ ತಲೆಯಲ್ಲೇ ಹೆಸರು ಇರುತ್ತದೆ. ಹೆಸರು ಎಲ್ಲೂ ಕೇಳದ್ದಾದರೆ ಚೈಲ್ಡ್ ಥೀಮ್, ಅಂದರೆ ಬೇರೊಂದು ಥೀಮಿನ ಮೇಲೆ ಕಟ್ಟಿದ ಥೀಮ್, ಇರಬಹುದು. ಕೆಳಗೆ 'ಟೆಂಪ್ಲೇಟ್' ಎಂಬ ಸಾಲು ನೋಡಿ. ಮೂಲ ಥೀಮಿನ ಫೋಲ್ಡರ್ ಹೆಸರು ಅಲ್ಲಿ ಸಿಗುತ್ತದೆ.