ಹೊರಗಿನ ಸದ್ದನ್ನು ಮಾಡ್ಯುಲರ್ ಫಿಲ್ಟರ್‌ಗೆ ಬಿಡುವುದು ಹೇಗೆ?

ಬಿಡಿ ಘಟಕಗಳನ್ನು (ಮಾಡ್ಯೂಲ್) ವಯರಿನಿಂದ ಜೋಡಿಸಿ ಸದ್ದು ಮಾಡುವ ಮಾಡ್ಯುಲರ್ ಸಿಂಥಸೈಜರ್ ಅಂದ ಕೂಡಲೇ ಗೋಡೆ ತುಂಬ ವಯರ್ ನೇತಾಡುವ ಚಿತ್ರ ಕಣ್ಣ ಮುಂದೆ ಬರುತ್ತದೆ. ಅಷ್ಟೆಲ್ಲ ಬೇಕಿಲ್ಲ. ಮನೆಯಲ್ಲಿ ಈಗಾಗಲೇ ಒಂದು ಕೀಬೋರ್ಡೋ ಡ್ರಮ್ ಮಷೀನೋ ಫೋನಿನಲ್ಲಿ ಸಿಂಥ್ ಆ್ಯಪೋ ಇದ್ದರೆ, ಸದ್ದು ಹುಟ್ಟಿಸುವ ಕೆಲಸ ಅವೇ ಮಾಡುತ್ತವೆ. ನೀವು ಕೊಳ್ಳಬೇಕಾದದ್ದು ಪುಟ್ಟ ಯೂರೋರ್‍ಯಾಕ್ (ಮಾಡ್ಯೂಲ್‌ಗಳ ಒಂದು ಪ್ರಮಾಣಿತ ಅಳತೆ) ಕೇಸು, ಇನ್‌ಪುಟ್ ಮಾಡ್ಯೂಲ್ ಒಂದು, ಸದ್ದಿನ ಒಂದು ಭಾಗವನ್ನು ಕೊಯ್ದು ತೆಗೆಯುವ ಅನಲಾಗ್ ಫಿಲ್ಟರ್ ಒಂದು, ಸದ್ದಿನ ಮಟ್ಟವನ್ನು ವೋಲ್ಟೇಜಿನಿಂದ ಏರಿಳಿಸುವ ವಿಸಿಎ ಒಂದು, ಜೊತೆಗೆ ನಿಧಾನವಾಗಿ ಏರಿಳಿಯುವ ವೋಲ್ಟೇಜ್ ಕೊಡುವ ಒಂದು ಎಲ್‌ಎಫ್‌ಒ. ಸದ್ದು ಹುಟ್ಟಿಸುವ ಮಾಡ್ಯೂಲ್ ಆದ ಆಸಿಲೇಟರ್ ಇಲ್ಲದೆಯೂ ನಡೆಯುತ್ತದೆ.

ಇದೇನು ಹೊಸ ಉಪಾಯವಲ್ಲ. 1969ರಲ್ಲಿ ಲಂಡನ್ನಿನ ಇಎಂಎಸ್ ಕಂಪನಿ ತಂದ ವಿಸಿಎಸ್3 ಸಿಂಥ್‌ನಲ್ಲೇ ಹೊರಗಿನ ಸದ್ದು ಒಳಬಿಡುವ ದಾರಿ ಇತ್ತು. ದಿ ಹೂ ರಾಕ್ ತಂಡದ ಪೀಟ್ ಟೌನ್‌ಶೆಂಡ್ 1971ರಲ್ಲಿ ಲೌರಿ ಆರ್ಗನ್ನನ್ನು ಅದರ ಫಿಲ್ಟರ್ ಮೂಲಕ ಹಾಯಿಸಿದ್ದರು. ಮಿನಿಮೂಗ್‌ನಲ್ಲೂ ಒಂದು ಹೊರಗಿನ ಇನ್‌ಪುಟ್ ಇತ್ತು. ಕೆಲವರು ಅದರದ್ದೇ ಹೆಡ್‌ಫೋನ್ ಸದ್ದನ್ನು ಮತ್ತೆ ಅದಕ್ಕೇ ಕೊಟ್ಟು ದಪ್ಪ ಮಾಡಿಕೊಳ್ಳುತ್ತಿದ್ದರು. 1978ರ ಕೊರ್ಗ್ ಎಂಎಸ್-20ಯಲ್ಲಂತೂ ಹೊರಗಿನ ಸದ್ದಿಗೆಂದೇ ಒಂದು ಪೂರ್ತಿ ವಿಭಾಗ ಇದೆ.

ಮೊದಲು ಲೆವೆಲ್ ಸರಿಮಾಡಿ

ಕೆಲಸ ಕೆಡುವುದೂ ಇಲ್ಲೇ, ರುಚಿ ಹುಟ್ಟುವುದೂ ಇಲ್ಲೇ. ಯೂರೋರ್‍ಯಾಕ್ ಒಳಗೆ ಓಡಾಡುವ ಸದ್ದು ತುದಿಯಿಂದ ತುದಿಗೆ ಸುಮಾರು 10 ವೋಲ್ಟ್ ಇರುತ್ತದೆ. ಮನೆಬಳಕೆಯ ಸಾಧನಗಳ ಲೈನ್ ಔಟ್ ಕೊಡುವುದು 1 ವೋಲ್ಟಿಗೂ ತುಸು ಕಡಿಮೆ. ಸ್ಟುಡಿಯೋ ದರ್ಜೆಯ ಸಾಧನವಾದರೆ ಸುಮಾರು 3.5 ವೋಲ್ಟ್. ಅಂದರೆ ಮೊದಲನೆಯದಕ್ಕೆ 20 ಡೆಸಿಬೆಲ್‌ನಷ್ಟು, ಎರಡನೆಯದಕ್ಕೆ 9ರಷ್ಟು ಗೇನ್ (ಸದ್ದಿನ ಹಿಗ್ಗಿಕೆ) ಬೇಕು. ಕೀಬೋರ್ಡ್ ವಯರನ್ನು ನೇರವಾಗಿ ಫಿಲ್ಟರ್‌ಗೆ ಚುಚ್ಚಿದರೆ ಏನೂ ಸುಟ್ಟುಹೋಗುವುದಿಲ್ಲ. ಆದರೆ ಸದ್ದು ಸೊರಗಿರುತ್ತದೆ, ಹಿಂದೆ ಸುಯ್ ಅನ್ನುವ ಗದ್ದಲ ಜಾಸ್ತಿ ಕೇಳುತ್ತದೆ. ‘ಅನಲಾಗ್ ಅಂದ್ರೆ ಇಷ್ಟೇನಾ?’ ಅಂತ ಅನ್ನಿಸೋದು ಆಗಲೇ.

ಅದಕ್ಕೇ ಇನ್‌ಪುಟ್ ಮಾಡ್ಯೂಲ್. ಡೋಪ್ಫರ್ ಕಂಪನಿಯ ಎ-119 ಇದಕ್ಕೆ ಒಳ್ಳೆಯ ಉದಾಹರಣೆ. ಸದ್ದನ್ನು ಹಿಗ್ಗಿಸುವುದರ ಜೊತೆಗೆ ಇನ್ನೂ ಎರಡು ಕೆಲಸ ಮಾಡುತ್ತದೆ, ಅದನ್ನು ಆಮೇಲೆ ನೋಡೋಣ.

ವಯರ್ ವಿಷಯದಲ್ಲಿ ಒಂದು ಎಚ್ಚರ. ಫೋನ್, ಕೀಬೋರ್ಡ್‌ಗಳ ಹೆಡ್‌ಫೋನ್ ಸಾಕೆಟ್ ಸ್ಟೀರಿಯೋ, ಮಾಡ್ಯುಲರ್ ಜ್ಯಾಕ್ ಮೋನೋ. ಎರಡರ ನಡುವೆ ಸಾದಾ ಮೋನೋ ವಯರ್ ಹಾಕಿದರೆ ಬಲಗಡೆಯ ಔಟ್‌ಪುಟ್ ಗ್ರೌಂಡಿಗೆ ಶಾರ್ಟ್ ಆಗುತ್ತದೆ. ಒಂದು ಸ್ಟೀರಿಯೋ ಪಿನ್ ಎರಡು ಮೋನೋ ಪಿನ್ ಆಗಿ ಸೀಳುವ ವಯರ್ ತೆಗೆದುಕೊಳ್ಳಿ. ಎಡಗಡೆಯದನ್ನು ಮಾತ್ರ ಬಳಸಿ.

ಮೊದಲ ಪ್ಯಾಚ್ (ವಯರ್ ಜೋಡಣೆ)

ಸ್ಪೀಕರ್ ವಾಲ್ಯೂಮ್ ತಗ್ಗಿಸಿ ಶುರುಮಾಡಿ. ರೆಸೊನೆನ್ಸ್ (ಫಿಲ್ಟರ್ ಕೊಯ್ಯುವ ಗಡಿಯ ಬಳಿಯ ಸದ್ದನ್ನು ಎತ್ತುವ ಗುಂಡಿ) ಏರಿಸಿದಾಗ ಫಿಲ್ಟರ್ ತಾನೇ ಕಿರುಚಲು ಶುರುಮಾಡಬಹುದು, ಕಿವಿಗೂ ಸ್ಪೀಕರಿಗೂ ಅದು ಒಳ್ಳೆಯದಲ್ಲ.

ಕೀಬೋರ್ಡಿನಿಂದ ಇನ್‌ಪುಟ್ ಮಾಡ್ಯೂಲ್, ಅಲ್ಲಿಂದ ಫಿಲ್ಟರ್, ಫಿಲ್ಟರಿನಿಂದ ವಿಸಿಎ, ಅಲ್ಲಿಂದ ಮಿಕ್ಸರ್. ಕಟಾಫ್ (ಆ ಗಡಿ ಎಲ್ಲಿರಬೇಕು ಅಂತ ಹೇಳುವ ಗುಂಡಿ) ಪೂರ್ತಿ ತೆರೆದಿರಲಿ, ರೆಸೊನೆನ್ಸ್ ಸೊನ್ನೆಯಲ್ಲಿರಲಿ. ವಿಸಿಎ ಗೇನ್ ತಿರುವಿ ಸದ್ದು ಹೊರಬರುವಷ್ಟು ತೆರೆಯಿರಿ. ಕೀಬೋರ್ಡಿನ ಒಳಗೇ ಫಿಲ್ಟರ್ ಇದ್ದರೆ ಅದನ್ನೂ ಪೂರ್ತಿ ತೆರೆಯಿರಿ, ರಿವರ್ಬ್ ಆಫ್ ಮಾಡಿ. ಫಿಲ್ಟರ್ ಕೊಯ್ಯಲು ಸದ್ದಿನ ಮೇಲಿನ ಆವರ್ತನಗಳಲ್ಲಿ ಏನಾದರೂ ಇರಬೇಕಲ್ವಾ? ಕೊಳಲಿನಂಥ ಮೆದು ಸದ್ದು ಕೊಟ್ಟರೆ ಫಿಲ್ಟರ್‌ಗೆ ಕೆಲಸವೇ ಇರುವುದಿಲ್ಲ. ಸಾ-ಟೂತ್ (ಗರಗಸದ ಹಲ್ಲಿನಾಕಾರದ ಅಲೆ), ತಂತಿವಾದ್ಯ, ಕರಕರ ಅನ್ನುವ ಡಿಜಿಟಲ್ ಗಂಟೆ ಸದ್ದು, ಇವು ಬೇಕು.

ಈಗ ಕಟಾಫನ್ನು ಅರ್ಧಕ್ಕೆ ಇಳಿಸಿ, ಕೈಯನ್ನು ಇನ್‌ಪುಟ್ ಗೇನ್ ಮೇಲೆ ಇಡಿ. ಹೆಚ್ಚಿನವರು ಕಟಾಫ್ ತಿರುಗಿಸುತ್ತಲೇ ಕೂರುತ್ತಾರೆ, ಗೇನ್ ಕಡೆ ನೋಡುವುದೇ ಇಲ್ಲ. ನನ್ನ ಪ್ರಕಾರ ಅರ್ಧ ಬಣ್ಣ ಇರುವುದು ಗೇನಿನಲ್ಲಿ. ಕಡಿಮೆ ಇಟ್ಟರೆ ಸದ್ದು ಶುಭ್ರ, ರೆಸೊನೆನ್ಸ್ ಚೂಪು. ಏರಿಸಿದಂತೆ ಟ್ರಾನ್ಸಿಸ್ಟರ್‌ಗಳು ಅಂಚಿಗೆ ಬಂದು ಸದ್ದು ಉರುಟಾಗುತ್ತದೆ, ರೆಸೊನೆನ್ಸ್ ತಗ್ಗಿ ಹಿಂದೆ ಸರಿಯುತ್ತದೆ. ಸಿಂಥ್ ತಯಾರಕ ರಾಬರ್ಟ್ ಮೂಗ್ ಮಾದರಿಯ ಲ್ಯಾಡರ್ ಫಿಲ್ಟರ್‌ನಲ್ಲಿ ಇದು ಚೆನ್ನಾಗಿ ಗೊತ್ತಾಗುತ್ತದೆ. ಎಂಎಸ್-20 ಮಾದರಿಯದ್ದು ಇನ್ನೂ ಒರಟು, ಡ್ರಮ್ಮಿಗೆ ಹೇಳಿಮಾಡಿಸಿದ್ದು.

ಲ್ಯಾಡರ್‌ನ ಒಂದು ಗುಣ ತಿಳಿದಿರಲಿ. ರೆಸೊನೆನ್ಸ್ ಏರಿಸಿದರೆ ಬಾಸ್ ಸೊರಗುತ್ತದೆ. ಮೂಲ ಸದ್ದನ್ನು ಎರಡಾಗಿ ಸೀಳಿ, ಒಂದನ್ನು ಫಿಲ್ಟರ್‌ಗೆ ಕೊಟ್ಟು, ಇನ್ನೊಂದನ್ನು ಮಿಕ್ಸರಿನಲ್ಲಿ ಸ್ವಲ್ಪವೇ ಸೇರಿಸಿ. ಹೋದ ಬಾಸ್ ವಾಪಸ್ ಬರುತ್ತದೆ.

ತಂಬೂರಿ ಹಾಕಿ ನೋಡಿ

ಸಂಗೀತ ಕಲಿಯುವವರ ಮನೆಯಲ್ಲಿ ಬೆಂಗಳೂರಿನ ರಾಡೆಲ್ ಕಂಪನಿಯದ್ದೋ ಇನ್ಯಾರದ್ದೋ ಎಲೆಕ್ಟ್ರಾನಿಕ್ ತಂಬೂರಿ ಇದ್ದೇ ಇರುತ್ತದೆ. ಅದರಲ್ಲಿ ಹೆಡ್‌ಫೋನ್ ಅಥವಾ ಲೈನ್ ಸಾಕೆಟ್ ಇದ್ದರೆ ಒಮ್ಮೆ ಫಿಲ್ಟರ್‌ಗೆ ಬಿಡಿ. ಇಲ್ಲದಿದ್ದರೆ ಫೋನಿನ ತಂಬೂರಿ ಆ್ಯಪ್ ಆದರೂ ಆದೀತು.

ಶ್ರುತಿ ಬಿಳಿ ಒಂದು, ಷಡ್ಜ ಸುಮಾರು 131 ಹರ್ಟ್ಸ್ ಅಂದುಕೊಳ್ಳಿ. ಪಂಚಮಕ್ಕೆ ಕೂಡಿಸಿರಲಿ. 24 ಡೆಸಿಬೆಲ್ ಲೋಪಾಸ್ ಫಿಲ್ಟರ್ (ಕಟಾಫಿನ ಮೇಲಿನದನ್ನು ಆಕ್ಟೇವಿಗೆ 24 ಡೆಸಿಬೆಲ್‌ನಂತೆ ತಗ್ಗಿಸುವುದು), ರೆಸೊನೆನ್ಸ್ ಕಿರುಚುವುದಕ್ಕೆ ಕೂದಲೆಳೆ ಹಿಂದೆ. ಇನ್‌ಪುಟ್ ಗೇನ್ ಈ ಸಲ ಕಡಿಮೆಯೇ ಇರಲಿ. ಕಟಾಫನ್ನು ಕೆಳಗಿನಿಂದ ತುಂಬಾ ನಿಧಾನವಾಗಿ ಮೇಲೆತ್ತಿ. 393ರ ಹತ್ತಿರ ಪಂಚಮ ಎದ್ದು ನಿಲ್ಲುತ್ತದೆ. 524ಕ್ಕೆ ಮೇಲಿನ ಷಡ್ಜ. ಮುಂದೆ 590ರ ಸುಮಾರಿಗೆ, ಪಂಚಮದ ತಂತಿಯ ಹಾರ್ಮೋನಿಕ್‌ನಿಂದ (ಮೂಲಸ್ವರದ ಜೊತೆ ಬರುವ ಮೇಲುಸ್ವರ), ರಿಷಭ ಇಣುಕುತ್ತದೆ. 655ಕ್ಕೆ ಬಂದಾಗ ಅಂತರ ಗಾಂಧಾರ! ಒಳ್ಳೆಯ ತಂಬೂರಿ ಶ್ರುತಿಗೆ ಕೂತಾಗ ತಾನಾಗಿ ಕೇಳುವ ಗಾಂಧಾರವೇ ಅದು. ಫಿಲ್ಟರ್ ಏನನ್ನೂ ಹೊಸದಾಗಿ ಸೇರಿಸಿಲ್ಲ, ಒಳಗಿದ್ದದ್ದನ್ನೇ ಎತ್ತಿ ತೋರಿಸಿದೆ. ಗುಂಡಿಯನ್ನು ಬೆರಳಿನಲ್ಲಿ ತಿರುಗಿಸುವ ಬದಲು ನಿಧಾನದ ಎಲ್‌ಎಫ್‌ಒ ಒಂದನ್ನು ಕಟಾಫ್‌ಗೆ ಕೊಟ್ಟರೆ ಸ್ವರಗಳು ಒಂದಾದ ಮೇಲೊಂದು ಬಂದು ಹೋಗುತ್ತಿರುತ್ತವೆ.

ಫಿಲ್ಟರ್ ತಾನೇ ಅಲುಗಾಡಲಿ

ಹೊರಗಿನ ಸದ್ದಿಗೆ ಒಂದು ಕೊರತೆ ಇದೆ. ಸ್ವರ ಯಾವಾಗ ಶುರುವಾಯಿತು ಅಂತ ಫಿಲ್ಟರ್‌ಗೆ ಗೊತ್ತಾಗುವುದಿಲ್ಲ. ಎ-119ರ ಉಳಿದೆರಡು ಕೆಲಸ ಇಲ್ಲಿ ಬರುತ್ತವೆ. ಎನ್ವಲಪ್ ಫಾಲೋವರ್ ಸದ್ದಿನ ಏರಿಳಿತವನ್ನು ವೋಲ್ಟೇಜ್ ಮಾಡಿಕೊಡುತ್ತದೆ. ಅದನ್ನು ಕಟಾಫ್‌ಗೆ ಕೊಟ್ಟರೆ ಜೋರಾಗಿ ನುಡಿಸಿದಷ್ಟೂ ಫಿಲ್ಟರ್ ತೆರೆಯುತ್ತದೆ. ಇನ್ನೊಂದು, ಸದ್ದು ಒಂದು ಮಟ್ಟ ದಾಟಿದಾಗ ಗೇಟ್ (ಆನ್-ಆಫ್ ವೋಲ್ಟೇಜ್) ಕೊಡುತ್ತದೆ. ಆ ಗೇಟಿಗೆ ಎನ್ವಲಪ್ (ಏರಿ ಇಳಿಯುವ ವೋಲ್ಟೇಜ್ ಕೊಡುವ ಮಾಡ್ಯೂಲ್) ಜೋಡಿಸಬಹುದು. ಡ್ರಮ್ಮಿಗೆ ಇದು ಸೊಗಸು, ಬಿಟ್ಟೂ ಬಿಡದೆ ಹರಿಯುವ ತಂಬೂರಿಗೆ ಅಷ್ಟಕ್ಕಷ್ಟೇ.

ಕಾರ್ಡ್ (ಹಲವು ಸ್ವರ ಒಟ್ಟಿಗೆ) ನುಡಿಸುವವರು ಇನ್ನೊಂದು ನೆನಪಿಡಿ. ನಿಮ್ಮ ಪಾಲಿಫೋನಿಕ್ ಕೀಬೋರ್ಡಿನಲ್ಲಿ ಸಾಮಾನ್ಯವಾಗಿ ಸ್ವರಕ್ಕೊಂದು ಫಿಲ್ಟರ್ ಇರುತ್ತದೆ, ಇಲ್ಲಿ ಎಲ್ಲಕ್ಕೂ ಸೇರಿ ಒಂದೇ. ಕಾರ್ಡ್ ಹಿಡಿದಿರುವಾಗ ಇನ್ನೊಂದು ಸ್ವರ ಒತ್ತಿದರೆ ಇಡೀ ಕಾರ್ಡೇ ಮತ್ತೆ ‘ವಾವ್’ ಅನ್ನುತ್ತದೆ. ಬಿಡಿಬಿಡಿಯಾಗಿ ನುಡಿಸಿ, ಇಲ್ಲವೇ ಎನ್ವಲಪ್ ಬಿಟ್ಟು ಎಲ್‌ಎಫ್‌ಒ ಹಿಡಿಯಿರಿ.

ಗುಂಯ್ ಅಂದರೆ

ಲ್ಯಾಪ್‌ಟಾಪ್ ಜೋಡಿಸಿದ ಕೂಡಲೇ ಗುಂಯ್ ಶುರುವಾದರೆ ಚಾರ್ಜರ್ ತೆಗೆದು ಬ್ಯಾಟರಿಯಲ್ಲಿ ಓಡಿಸಿ ನೋಡಿ. ನಿಂತರೆ ಅದು ಗ್ರೌಂಡ್ ಲೂಪ್ (ಎರಡು ದಾರಿಯಲ್ಲಿ ಅರ್ಥ್ ಸೇರಿದ್ದರಿಂದ ಬರುವ ಗದ್ದಲ). ನಡುವೆ ಟ್ರಾನ್ಸ್‌ಫಾರ್ಮರ್ ಇರುವ ಐಸೊಲೇಟರ್ ಹಾಕಿ. ಪ್ಲಗ್ಗಿನ ಅರ್ಥ್ ಪಿನ್ ಮಾತ್ರ ಯಾವ ಕಾರಣಕ್ಕೂ ಕೀಳಬೇಡಿ.

ರೆಕಾರ್ಡ್ ಮಾಡುವಾಗ ಹೊರಗೆ ಬರುವ ಸದ್ದನ್ನು ಮತ್ತೆ ಲೈನ್ ಲೆವೆಲ್ಲಿಗೆ ಇಳಿಸಬೇಕು, ಇಲ್ಲದಿದ್ದರೆ ಆಡಿಯೋ ಇಂಟರ್‌ಫೇಸ್ ಒಡೆದ ಸದ್ದು ಕೊಡುತ್ತದೆ. ಕಂಪ್ಯೂಟರಿನ ಟ್ರ್ಯಾಕನ್ನೇ ಹೊರಗೆ ಕಳಿಸಿ ಫಿಲ್ಟರ್ ಮಾಡಿ ವಾಪಸ್ ತರುತ್ತಿದ್ದರೆ ಅದು ಕೆಲವು ಮಿಲಿಸೆಕೆಂಡ್ ತಡವಾಗಿ ಬಂದಿರುತ್ತದೆ, ಮೂಲದ ಜೊತೆ ಹೊಂದಿಸಿಕೊಳ್ಳಿ. ಮೂಲ ಸದ್ದನ್ನೂ ಬೇರೆ ಟ್ರ್ಯಾಕಿನಲ್ಲಿ ಉಳಿಸಿಕೊಳ್ಳಿ. ಪ್ಯಾಚ್ ಬಿಚ್ಚಿದ ಮೇಲೆ ಅದೇ ಗುಂಡಿಗಳನ್ನು ಅದೇ ಜಾಗಕ್ಕೆ ತರುವುದು ಕಷ್ಟ. ಬಿಚ್ಚುವ ಮುಂಚೆ ಫೋನಿನಲ್ಲಿ ಒಂದು ಫೋಟೋ ಹೊಡೆದಿಟ್ಟುಕೊಳ್ಳಿ, ಇನ್‌ಪುಟ್ ಗೇನ್ ಗುಂಡಿ ಅದರಲ್ಲಿ ಕಾಣುವ ಹಾಗೆ.