ಹಳೆ ಡೀಸೆಲ್ ಜೀಪು ಹೊಗೆ ಪರೀಕ್ಷೆ ಪಾಸಾಗಲು ನಾನು ಮಾಡಿದ್ದು

ನಮ್ಮದು 1997ರ ಮಹೀಂದ್ರ ಜೀಪು, ಕೆಎಲ್-14 ನಂಬರು, ಅಂದರೆ ಕೇರಳದ ಕಾಸರಗೋಡಿನದ್ದು. ಪೆರ್ಲದಿಂದ ಒಳಗೆ, ಗುಡ್ಡದ ಬದಿಯಲ್ಲಿ ತೋಟ. ಗೊಬ್ಬರ, ಅಡಿಕೆ ಗೋಣಿ, ಮಳೆಗಾಲದಲ್ಲಿ ಮದ್ದು ಬಿಡುವ ಡ್ರಮ್ಮು, ಎಲ್ಲವೂ ಅದರಲ್ಲೇ ಹೋಗಬೇಕು. ಈ ದಾರಿಗೆ ಬೇರೆ ಗಾಡಿ ಆಗುವುದಿಲ್ಲ, ಹಾಗಾಗಿ ಮಾರುವ ಮಾತೇ ಇಲ್ಲ. ಕಳೆದ ಸಲ ಬದಿಯಡ್ಕದಲ್ಲಿ ಹೊಗೆ ಪರೀಕ್ಷೆಗೆ ಕೊಟ್ಟಾಗ ಹೊಗೆ ಎಷ್ಟು ದಟ್ಟ ಅಂತ ಹೇಳುವ ಅಂಕಿ ಪರದೆಯಲ್ಲಿ ಬಂದದ್ದು 3.52. ಇಷ್ಟು ಹಳೆಯ ಡೀಸೆಲ್ ಗಾಡಿಗೆ ಮಿತಿ 2.45, ಹೊಗೆ ಅಳೆಯುವ ಇನ್ನೊಂದು ಲೆಕ್ಕವಾದ ಹಾರ್ಟ್‌ರಿಜ್‌ನಲ್ಲಿ ಹೇಳುವುದಾದರೆ 65. ಅಂದರೆ ಸ್ವಲ್ಪದರಲ್ಲಿ ತಪ್ಪಿದ್ದಲ್ಲ, ಚೆನ್ನಾಗಿಯೇ ಫೇಲ್.

ಫೇಲ್ ಆದರೆ ಒಂದು ರಿಜೆಕ್ಷನ್ ಸ್ಲಿಪ್ ಕೊಡುತ್ತಾರೆ. 2021ರಲ್ಲಿ ಇಡೀ ದೇಶಕ್ಕೆ ಒಂದೇ ನಮೂನೆಯ ಸರ್ಟಿಫಿಕೇಟ್ ಬಂದಾಗ ಈ ಸ್ಲಿಪ್ಪೂ ಬಂತು. ಅದನ್ನು ಬಿಸಾಡಬೇಡಿ. ಎಷ್ಟು ಬಂದಿದೆ ಅಂತ ಅದರಲ್ಲಿ ಇರುತ್ತದೆ, ಮೆಕ್ಯಾನಿಕ್‌ಗೆ ತೋರಿಸಲು ಅದೇ ಸಾಕು.

ಆಮೇಲೆ ಶುರುವಾಯಿತು ಸಲಹೆಗಳು. ಎಲ್ಲರೂ ಹೇಳಿದ್ದು ಒಂದೇ: ಇಂಜಿನ್‌ಗೆ ಡೀಸೆಲ್ ಕಳಿಸುವ ಪಂಪಿನ ಸ್ಕ್ರೂ ಸ್ವಲ್ಪ ಒಳಗೆ ಹೊರಗೆ ಮಾಡಿ ಡೀಸೆಲ್ ಕಮ್ಮಿ ಮಾಡಿಸು, ಪಾಸ್ ಮಾಡಿಸು, ಆಮೇಲೆ ಮೊದಲಿನ ಹಾಗೇ ಇಡು. ಇದು ನಡೆಯುತ್ತದೆ, ಸುಳ್ಳಲ್ಲ. ಆದರೆ ಡೀಸೆಲ್ ಕಡಿಮೆ ಮಾಡಿದ ಜೀಪು ಗೋಣಿ ತುಂಬಿಸಿಕೊಂಡು ನಮ್ಮ ಏರು ಹತ್ತುವುದಿಲ್ಲ, ಮತ್ತೆ ತಿರುಗಿಸಿದರೆ ಅದೇ ಕರಿ ಹೊಗೆ, ಆರು ತಿಂಗಳಿಗೆ ಪುನಃ ಅದೇ ಕಥೆ. ಬೆಳಿಗ್ಗೆ ಶಾಲೆಗೆ ನಡೆದು ಹೋಗುವ ಮಕ್ಕಳು ಏರಿನಲ್ಲಿ ನಮ್ಮ ಜೀಪಿನ ಹಿಂದೆಯೇ ಇರುತ್ತಾರೆ. ಕಾಗದದಲ್ಲಿ ಮಾತ್ರ ಪಾಸಾದರೆ ಅವರಿಗೆ ಏನು ಪ್ರಯೋಜನ? ನನಗೆ ಹೊಗೆಯೇ ಕಮ್ಮಿ ಆಗಬೇಕಿತ್ತು.

ಹೊಗೆಯ ಬಣ್ಣ ಮೊದಲು ನೋಡಬೇಕು. ನೀಲಿ ಇದ್ದರೆ ಇಂಜಿನ್ ಆಯಿಲ್ ಉರಿಯುತ್ತಿದೆ, ಅದು ದೊಡ್ಡ ಕೆಲಸ. ಬೆಳಗ್ಗೆ ಸ್ಟಾರ್ಟ್ ಮಾಡುವಾಗ ಸ್ವಲ್ಪ ಬಿಳಿ ಬಂದು ಬಿಸಿಯಾದ ಮೇಲೆ ನಿಂತರೆ ತಲೆಬಿಸಿ ಬೇಡ. ಕಪ್ಪು ಅಂದರೆ ಡೀಸೆಲಿಗೆ ತಕ್ಕ ಗಾಳಿ ಸಿಗುತ್ತಿಲ್ಲ, ಇಲ್ಲವೇ ಡೀಸೆಲ್ ಸರಿಯಾಗಿ ಚಿಮ್ಮುತ್ತಿಲ್ಲ. ನಮ್ಮದು ಕಪ್ಪು. ಹಾಗಾಗಿ ಗಾಳಿಯಿಂದಲೇ ಶುರು ಮಾಡಿದೆ, ಅದಕ್ಕೆ ಖರ್ಚೂ ಇಲ್ಲ.

ಈ ಜೀಪುಗಳಲ್ಲಿ ಎಣ್ಣೆ ಇರುವ ಏರ್ ಕ್ಲೀನರ್. ಕೆಳಗಿನ ಬೋಗುಣಿ ಬಿಚ್ಚಿದರೆ ಅರ್ಧದಷ್ಟು ಎಣ್ಣೆಯೇ ಇರಲಿಲ್ಲ. ತಳದಲ್ಲಿ ಬೆರಳು ಹಾಕಿದರೆ ದಪ್ಪ ಕೆಸರು, ಮೇಲೆ ಕಪ್ಪು, ಕೆರೆದರೆ ಒಳಗೆ ಕೆಂಪು. ನಮ್ಮೂರಿನ ಮುರಕಲ್ಲಿನ ಧೂಳು ಅಲ್ವಾ, ಕಲ್ಲಿನ ಲಾರಿಗಳ ಹಿಂದೆ ಹೋದರೆ ಇನ್ನೇನು ಬರುತ್ತದೆ. ಬೋಗುಣಿ ಕೆರೆದು ತೆಗೆದು, ಮೇಲಿನ ಜಾಲರಿಯನ್ನು ಡೀಸೆಲಿನಲ್ಲಿ ಮುಳುಗಿಸಿ ಕುಲುಕಿ, ಪೂರ್ತಿ ಸೋರಿ ಒಣಗಲು ಬಿಟ್ಟು, ಹೊಸ ಇಂಜಿನ್ ಆಯಿಲನ್ನು ಗೆರೆಯವರೆಗೆ ಮಾತ್ರ ಹಾಕಿದೆ. ಗೆರೆ ದಾಟಿ ಹಾಕಿದರೆ ಇಂಜಿನ್ ಆ ಎಣ್ಣೆಯನ್ನೇ ಎಳೆದುಕೊಳ್ಳುತ್ತದೆ, ಹೊಗೆ ಇನ್ನೂ ಜಾಸ್ತಿ. ಅಲ್ಲಿಂದ ಇಂಜಿನ್‌ಗೆ ಹೋಗುವ ರಬ್ಬರ್ ಪೈಪು ಒಂದು ಕಡೆ ಸೀಳಿತ್ತು, ಅದನ್ನೂ ಬದಲಿಸಿದೆ. ಡೀಸೆಲ್ ಫಿಲ್ಟರ್ ಹೊಸದು, ಇಂಜಿನ್ ಆಯಿಲ್ ಹೊಸದು, ಟ್ಯಾಪೆಟ್ ಗ್ಯಾಪ್ (ಇಂಜಿನ್ ವಾಲ್ವಿನ ಸಂದು) ಸರಿ ಮಾಡಿಸಿದೆ.

ಇಷ್ಟಕ್ಕೇ ಏರಿನಲ್ಲಿ ವ್ಯತ್ಯಾಸ ಕಂಡಿತು. ಆದರೂ ಎಕ್ಸಲರೇಟರ್ ಒತ್ತಿದ ತಕ್ಷಣ ಒಂದು ಕರಿ ಮುದ್ದೆ ಹೊರಗೆ ಬರುತ್ತಿತ್ತು. ಅದು ಇಂಜಿನ್ ಒಳಗೆ ಡೀಸೆಲ್ ಚಿಮ್ಮಿಸುವ ನಾಝಲಿನ ತೊಂದರೆ ಅಂತ ಅನಿಸಿತು. ನಾಲ್ಕನ್ನೂ ಬಿಚ್ಚಿ ಡೀಸೆಲ್ ಪಂಪ್ ಕೆಲಸ ಮಾಡುವ ಅಂಗಡಿಗೆ ಒಯ್ದೆ. ಟೆಸ್ಟ್ ಮಾಡುವುದನ್ನು ಎದುರಿನಲ್ಲೇ ನಿಂತು ನೋಡಬೇಕು. ಕೈಪಂಪಿಗೆ ಸಿಕ್ಕಿಸಿ ಲಿವರ್ ಒತ್ತುತ್ತಾರೆ, ಮೀಟರಿನ ಮುಳ್ಳು ಏರುತ್ತದೆ. ಒಳ್ಳೆಯ ನಾಝಲ್ ಕಿರ್ ಕಿರ್ ಅಂತ ಶಬ್ದ ಮಾಡಿ ಮಂಜಿನ ಹಾಗೆ ಡೀಸೆಲ್ ಚಿಮ್ಮಿಸಿ ಥಟ್ಟನೆ ನಿಲ್ಲುತ್ತದೆ, ತುದಿ ಒಣಗಿಯೇ ಇರುತ್ತದೆ. ನಮ್ಮದರಲ್ಲಿ ಎರಡು ಶಬ್ದವೇ ಇಲ್ಲದೆ ಸುಮ್ನೆ ಸುರಿದವು, ಮುಳ್ಳು ಏರುವ ಮೊದಲೇ ತುದಿಯಲ್ಲಿ ಹನಿ. ಆ ಹನಿ ಪೂರ್ತಿ ಉರಿಯುವುದಿಲ್ಲ, ಅದೇ ಮಸಿಯಾಗಿ ಹೊರಗೆ ಬರುವುದು. ನಾಲ್ಕಕ್ಕೂ ಹೊಸ ನಾಝಲ್ ಹಾಕಿಸಿ ಪ್ರೆಶರ್ ಒಂದೇ ಸಮ ಮಾಡಿಸಿದೆ. ವಾಪಸ್ ಕೂರಿಸುವಾಗ ತಾಮ್ರದ ವಾಷರ್ ಹೊಸದೇ ಹಾಕಿ, ಹಳೆಯದರಲ್ಲಿ ಕಂಪ್ರೆಶನ್ ಲೀಕ್ ಆಗುತ್ತದೆ. ಪಂಪಿಗೆ ಕೈ ಹಾಕಲೇ ಇಲ್ಲ, ಟೈಮಿಂಗ್ (ಡೀಸೆಲ್ ಚಿಮ್ಮುವ ಹೊತ್ತು) ಮಾತ್ರ ನೋಡಿಸಿದೆ, ಅದು ಸರಿ ಇತ್ತು.

ಟ್ಯಾಂಕಿಗೆ ಸೀಮೆಎಣ್ಣೆ ಬೆರೆಸಿ ಹೊಗೆ ಇಳಿಸುವವರೂ ಇದ್ದಾರೆ. ದಯವಿಟ್ಟು ಬೇಡ. ಪಂಪಿನ ಒಳಗಿನ ಭಾಗಗಳಿಗೆ ಡೀಸೆಲ್ಲೇ ಎಣ್ಣೆ, ಸೀಮೆಎಣ್ಣೆಗೆ ಆ ಜಿಡ್ಡು ಇಲ್ಲ, ಪಂಪು ಸವೆದರೆ ನಾಝಲಿಗಿಂತ ಎಷ್ಟೋ ಪಾಲು ಖರ್ಚು. ಬಾಟಲಿಯಲ್ಲಿ ಬರುವ ಕ್ಲೀನರ್ ಹಾಕಬಹುದು, ತೊಂದರೆ ಇಲ್ಲ, ಆದರೆ ಸವೆದ ನಾಝಲನ್ನು ಅದು ಹೊಸದು ಮಾಡುವುದಿಲ್ಲ.

ಪರೀಕ್ಷೆಯ ದಿನದ ವಿಷಯ. ಡೀಸೆಲ್ ಗಾಡಿಗೆ ನ್ಯೂಟ್ರಲಿನಲ್ಲಿ ಇಟ್ಟು ಎಕ್ಸಲರೇಟರನ್ನು ಒಮ್ಮೆಲೇ ಪೂರ್ತಿ ಒತ್ತಿ ಬಿಡುವ ಪರೀಕ್ಷೆ. ಮೊದಲ ಕೆಲವು ಸಲ ಒತ್ತುವುದು ಪೈಪಿನಲ್ಲಿ ಕೂತ ಮಸಿ ಹೊರಗೆ ಹೋಗಲಿಕ್ಕೆ, ಆಮೇಲಿನವುಗಳ ಸರಾಸರಿ ಲೆಕ್ಕಕ್ಕೆ. ಇಂಜಿನ್ ಆಯಿಲ್ ಕನಿಷ್ಠ 60 ಡಿಗ್ರಿ ಬಿಸಿ ಇರಬೇಕು. ತಣ್ಣಗಿನ ಇಂಜಿನ್‌ನಲ್ಲಿ ಕೊಟ್ಟರೆ ನಮಗೇ ನಷ್ಟ. ಮನೆ ಹತ್ತಿರದ ಗಲ್ಲಿಯಲ್ಲಿ ಓಡಿಸಿದ ಗಾಡಿಯ ಸೈಲೆನ್ಸರಿನಲ್ಲಿ ಮಸಿ ತುಂಬಿರುತ್ತದೆ, ಅದು ಹೋಗಲು ಸ್ವಲ್ಪ ಭಾರ ಹಾಕಿ ದೂರ ಓಡಿಸಬೇಕು. ನಾನು ಹಿಂದೆ ಗೊಬ್ಬರದ ಗೋಣಿ ಹಾಕಿಕೊಂಡೇ ಉಕ್ಕಿನಡ್ಕದ ಮೇಲಾಗಿ ಬದಿಯಡ್ಕಕ್ಕೆ ಹೋದೆ, ಏರುಗಳಲ್ಲಿ ಒಂದು ಗೇರ್ ಕಮ್ಮಿಯಲ್ಲೇ ಎಳೆಸಿದೆ. ಕ್ಯೂ ಇದ್ದರೂ ಇಂಜಿನ್ ಆಫ್ ಮಾಡಲಿಲ್ಲ, ನನ್ನ ಸರದಿ ಬರುವ ಮೊದಲು ಒಂದೆರಡು ಸಲ ಜೋರಾಗಿ ರೇಸ್ ಮಾಡಿದೆ.

ಬಂದದ್ದು 1.34. ಸ್ಕ್ರೂ ಮುಟ್ಟದೆ. ಎಳೆತ ಮೊದಲಿಗಿಂತ ಜಾಸ್ತಿಯೇ ಆಗಿದೆ, ಬೆಳಿಗ್ಗೆ ಸ್ಟಾರ್ಟಿಂಗೂ ಸಲೀಸು.

ಇನ್ನೊಂದು, ಹೋಗುವ ಮೊದಲು ಆರ್‌ಸಿಗೆ ನಿಮ್ಮ ಈಗಿನ ಮೊಬೈಲ್ ನಂಬರು ಸೇರಿದೆಯಾ ನೋಡಿ. ಸರ್ಟಿಫಿಕೇಟ್ ಈಗ ಪರಿವಾಹನ್ ಎಂಬ ಸರ್ಕಾರಿ ವೆಬ್‌ಸೈಟಿನ ಮೂಲಕವೇ ಬರುವುದು, ಅದಕ್ಕೆ ನಂಬರು ಬೇಕು. ಹಳೆ ಗಾಡಿಗಳಲ್ಲಿ ಎಷ್ಟೋ ಕಡೆ ನಂಬರೇ ಇರುವುದಿಲ್ಲ, ಇದ್ದರೂ ಈಗ ಬಳಕೆಯಲ್ಲಿ ಇಲ್ಲದ್ದು. ಮತ್ತೆ, ಬಿಎಸ್-4 (ಭಾರತ್ ಸ್ಟೇಜ್-4 ಎಂಬ ಹೊಗೆ ನಿಯಮ) ಮತ್ತು ಅದರ ನಂತರದ ಗಾಡಿಗೆ ಸರ್ಟಿಫಿಕೇಟ್ ಒಂದು ವರ್ಷಕ್ಕೆ, ನಮ್ಮಂಥ ಹಳೆಯದಕ್ಕೆ ಆರೇ ತಿಂಗಳು. ತಪ್ಪಿದರೆ ಕಾನೂನಿನಲ್ಲಿ 10,000 ರೂಪಾಯಿವರೆಗೆ ದಂಡ ಇದೆ. ನಾನು ಅವಧಿ ಮುಗಿಯುವ ದಿನವನ್ನು ಡ್ಯಾಶ್‌ಬೋರ್ಡಿನಲ್ಲೇ ಬರೆದು ಅಂಟಿಸಿದ್ದೇನೆ, ಅದಕ್ಕೆ ಒಂದು ವಾರ ಮೊದಲು ಏರ್ ಕ್ಲೀನರ್ ಬೋಗುಣಿ ಬಿಚ್ಚಿ ತೊಳೆಯುವುದು ಅಂತ ಇಟ್ಟುಕೊಂಡಿದ್ದೇನೆ.